ಅತ್ತೆ ಇಲ್ಲದ ಯುಗಾದಿ: ತೊಗರಿಬೇಳೆ ಒಬ್ಬಟ್ಟು ಮಾಡಲಾ, ಕಡಲೆಬೇಳೆ ಹೋಳಿಗೆ ಮಾಡಲಾ?

ಬೇವಿನ ಚಿಗುರು (ಮಾರ್ಚ್ 16, 2025)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಅತ್ತೆ ಹೋದ ವರ್ಷ ಫೆಬ್ರವರಿಯಲ್ಲಿ ತೀರಿಕೊಂಡರು. ಹಾಗಾಗಿ ಕಳೆದ ಏಪ್ರಿಲ್ 9ರ ಯುಗಾದಿ ನಮಗಿರಲಿಲ್ಲ. ತೋರಣ ಕಟ್ಟಲಿಲ್ಲ, ಸಿಹಿ ಮಾಡಲಿಲ್ಲ. ಪಕ್ಕದ ಮನೆಯವರು ತಂದುಕೊಟ್ಟ ಒಬ್ಬಟ್ಟನ್ನೇ ತಿಂದೆವು. ಈಗ ವರ್ಷದ ಕಾರ್ಯ ಮುಗಿದಿದೆ. ಇದೇ 30ಕ್ಕೆ ಹಬ್ಬ. ಈ ಸಲ ನಾನೇ ಮಾಡಬೇಕು.

ಅತ್ತೆ ಮಂಡ್ಯ ಕಡೆಯವರು, ತೊಗರಿಬೇಳೆ ಒಬ್ಬಟ್ಟು. ನಾನು ಧಾರವಾಡದವಳು, ನಮ್ಮ ಅವ್ವನದು ಕಡಲೆಬೇಳೆ ಹೋಳಿಗೆ. ಅದಾದರೆ ನನಗೆ ಕಣ್ಣು ಮುಚ್ಚಿಕೊಂಡೂ ಬರುತ್ತದೆ. ಅತ್ತೆಯದು ಬರುವುದಿಲ್ಲ. ಮದುವೆಯಾಗಿ ಹದಿನಾಲ್ಕು ವರ್ಷ, ಪ್ರತಿ ಯುಗಾದಿಗೂ ಬೆಂಗಳೂರಿನಿಂದ ಮೊದಲ ಬಸ್ಸಿಗೆ ಊರಿಗೆ ಹೋಗುತ್ತಿದ್ದೆವು. ನಾವು ಮನೆ ತಲುಪುವಷ್ಟರಲ್ಲಿ ಹೂರಣ ರುಬ್ಬಿ, ಉಂಡೆ ಕಟ್ಟಿ ಆಗಿರುತ್ತಿತ್ತು. 'ನೀನು ಎಲೆ ತೊಳಿ, ಕೋಸಂಬರಿ ನೋಡ್ಕೊ' ಎನ್ನುತ್ತಿದ್ದರು. ಅಳತೆ ಎಲ್ಲೂ ಬರೆದಿಟ್ಟಿಲ್ಲ. ಒಂದು ಹಿತ್ತಾಳೆ ಪಾವು ಇತ್ತು, ಬೇಳೆ ಅದರಲ್ಲಿ ಅಳೆಯುತ್ತಿದ್ದರು. ಉಳಿದದ್ದೆಲ್ಲ ಕಣ್ಣಂದಾಜು.

ಮಾವ ಈಗ ನಮ್ಮ ಜೊತೆಗೇ ಇದ್ದಾರೆ. ಮನೆಯವರು 'ಅಂಗಡಿಯಿಂದ ತರೋಣ ಬಿಡು' ಎನ್ನುತ್ತಾರೆ. ನಾದಿನಿ ಫೋನಿನಲ್ಲಿ 'ನಿಮ್ಮ ಕಡೆ ಹೋಳಿಗೆ ಮಾಡಿದ್ರೆ ಅಪ್ಪ ತಿಂತಾರಾ ಅತ್ತಿಗೆ?' ಎಂದಳು. ಅವಳು ಕೆಟ್ಟ ಮನಸ್ಸಿನಿಂದ ಕೇಳಲಿಲ್ಲ, ಆದರೂ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬರುವ ಹೋಳಿಗೆ ಮಾಡಲಾ, ಬಾರದ ಒಬ್ಬಟ್ಟು ಮಾಡಲಾ, ಕೊಂಡು ತರಲಾ? ನಿಮ್ಮ ಮನೆಗಳಲ್ಲಿ ಇಂಥದ್ದು ಬಂದಾಗ ಏನು ಮಾಡಿದಿರಿ?

ರುಬ್ಬುಗುಂಡು

ತೊಗರಿಬೇಳೆಯದೇ ಮಾಡು ತಾಯಿ. ನನಗೀಗ 68. ನಾನೂ ಒಬ್ಬಳೇ ಮೊದಲ ಸಲ ಮಾಡಿದ್ದು ನಮ್ಮತ್ತೆ ಹೋದ ಮೇಲೆಯೇ.

ಬೇಳೆ ಕುಕ್ಕರಿನಲ್ಲಿ ಇಡಬೇಡ. ಅಗಲ ಪಾತ್ರೆಯಲ್ಲಿ ಜಾಸ್ತಿ ನೀರಿಟ್ಟು, ಕುದಿ ಬಂದ ಮೇಲೆ ಹಾಕು. ಒಂದು ಬೇಳೆ ತೆಗೆದು ಹಿಸುಕಿದರೆ ಮೆತ್ತಗಿರಬೇಕು, ಪಾತ್ರೆಯಲ್ಲಿ ಮಾತ್ರ ಬೇಳೆ ಬೇಳೆಯಾಗಿಯೇ ಕಾಣಬೇಕು. ಆಗ ಬಸಿ. ಆ ಕಟ್ಟು ಚೆಲ್ಲಬೇಡ, ಸಾರಿಗೆ ಅದೇ ಜೀವ. ಬೇಯುವ ಮೊದಲೇ ಬೆಲ್ಲ ಹಾಕಿದರೆ ಬೇಳೆ ಬಿರುಸಾಗಿಯೇ ಉಳಿಯುತ್ತದೆ, ಆಮೇಲೆ ಎಷ್ಟು ಕುದಿಸಿದರೂ ಅಷ್ಟೇ. ಬೆಲ್ಲ ಬೇಳೆಯಷ್ಟೇ ತೂಕ ಸಾಕು. ಅರ್ಧ ಕೆಜಿ ಬೇಳೆಗೆ 25ರಿಂದ 30 ಒಬ್ಬಟ್ಟು ಬರುತ್ತವೆ. ಹೂರಣ ರುಬ್ಬುವಾಗ ಒಂದು ಹನಿ ನೀರೂ ಬೇಡ.

ಕಣಕದ ವಿಷಯದಲ್ಲಿ ಅವಸರ ಮಾಡಬೇಡ. ಚಿರೋಟಿ ರವೆ, ಸ್ವಲ್ಪ ಮೈದಾ, ಚಿಟಿಕೆ ಅರಿಶಿನ, ಉಪ್ಪು. ಕೈಗೆ ಅಂಟುವಷ್ಟು ಮೆತ್ತಗೆ ಕಲಸಿ, ಚೆನ್ನಾಗಿ ನಾದಿ, ಮೇಲೆ ಮುಳುಗುವಷ್ಟು ಎಣ್ಣೆ ಬಿಟ್ಟು ಎರಡು ಗಂಟೆ ಬಿಡು. ಬೆಳಿಗ್ಗೆ ಎದ್ದ ತಕ್ಷಣ ಮೊದಲು ಕಣಕ ಕಲಸು, ಸ್ನಾನ ಪೂಜೆ ಆಮೇಲೆ.

ರಾತ್ರಿ ಪಾಳಿ

ನಾನು ಕೊಂಡು ತರುವವಳು. ನರ್ಸ್ ಕೆಲಸ, ಹೋದ ಎರಡು ಯುಗಾದಿಗೂ ಹಿಂದಿನ ರಾತ್ರಿ ನನಗೆ ಡ್ಯೂಟಿ ಇತ್ತು. ಬೆಳಿಗ್ಗೆ ಎಂಟಕ್ಕೆ ಮನೆಗೆ ಬಂದು ಕಣಕ ನಾದಲು ನನ್ನ ಕೈಯಲ್ಲಿ ಆಗುವುದಿಲ್ಲ. ಒಬ್ಬಟ್ಟು ಅಂಗಡಿಯದು. ಮಾವಿನಕಾಯಿ ಚಿತ್ರಾನ್ನ ನಾನು ಮಾಡುತ್ತೇನೆ, ಪಾಯಸ ನಮ್ಮ ಮನೆಯವರು. ಎಲ್ಲರೂ ನೆಲದ ಮೇಲೆ ಎಲೆ ಹಾಕಿಕೊಂಡು ಒಟ್ಟಿಗೆ ಕೂರುತ್ತೇವೆ. ಅದೂ ಹಬ್ಬವೇ.

ಮಂಡ್ಯ ಬೆಲ್ಲ

ಕ್ಷಮಿಸಿ ಅಕ್ಕ, ನಿಮ್ಮ ಕಷ್ಟ ಗೊತ್ತಾಗುತ್ತದೆ. ಆದರೆ ಇವರ ವಿಷಯ ಬೇರೆ. ಇದು ಆ ತಾಯಿ ಹೋದ ಮೇಲೆ ಮನೆಯಲ್ಲಿ ಮಾಡುವ ಮೊದಲ ಯುಗಾದಿ. ಆ ದಿನ ಡಬ್ಬಿ ಬಿಚ್ಚಿ ಒಬ್ಬಟ್ಟು ಬಡಿಸಿದರೆ ಮಾವನಿಗೆ ಹೇಗನ್ನಿಸಬೇಡ? ಅಂಗಡಿ ಒಬ್ಬಟ್ಟಿಗೆ ಕಟ್ಟು ಬರುವುದಿಲ್ಲ. ಕಟ್ಟಿಲ್ಲದೆ ಸಾರು ಎಲ್ಲಿಂದ ಬಂತು? ನಮ್ಮ ಕಡೆ ಯುಗಾದಿ ಎಂದರೆ ಅರ್ಧ ಒಬ್ಬಟ್ಟು, ಅರ್ಧ ಒಬ್ಬಟ್ಟಿನ ಸಾರು.

ರಾತ್ರಿ ಪಾಳಿ

ಸಾರಿಗೆ ಬೇಕಿದ್ದರೆ ಅರ್ಧ ಪಾವು ಬೇಳೆ ಬೇಯಿಸಿ ಕಟ್ಟು ತೆಗೆಯಬಹುದು. ಅದಕ್ಕಾಗಿ ಮೂವತ್ತು ಒಬ್ಬಟ್ಟು ತಟ್ಟಬೇಕು ಅಂತೇನಿಲ್ಲ ಅಲ್ವಾ? 'ಮಾವನಿಗೆ ಹೇಗನ್ನಿಸಬೇಡ' ಎನ್ನುವವರು ಸೊಸೆಗೆ ಹೇಗನ್ನಿಸಬಹುದು ಎಂದೂ ಒಮ್ಮೆ ಕೇಳಿ.

ಮಲಪ್ರಭೆ

ನಾನು ಹೇಳುವುದೇ ಬೇರೆ. ನಿಮ್ಮ ಅವ್ವನ ಹೋಳಿಗೆಯನ್ನೇ ಮಾಡಿರಿ. ಹದಿನಾಲ್ಕು ವರ್ಷ ಅವರ ಮನೆಯ ಒಬ್ಬಟ್ಟು ತಿಂದಿದ್ದೀರಿ. ಒಂದು ವರ್ಷ ಅವರು ನಿಮ್ಮ ಕಡೆಯ ಹೋಳಿಗೆ ತಿನ್ನಲಿ. ಕಡಲೆಬೇಳೆ ಹೂರಣ, ಗೋಧಿ ಹಿಟ್ಟಿನ ಕಣಕ, ಲಟ್ಟಣಿಗೆಯಲ್ಲಿ ತೆಳ್ಳಗೆ ಲಟ್ಟಿಸಿ ಹಂಚಿನ ಮೇಲೆ ಉಬ್ಬಿಸಿದ ಹೋಳಿಗೆಗೆ ತುಪ್ಪ, ಹಾಲು ಹಾಕಿ ಕೊಟ್ಟರೆ ಬೇಡ ಎನ್ನುವವರು ಯಾರಿದ್ದಾರೆ? ಜೊತೆಗೆ ಒಣಕೊಬ್ಬರಿ ಹುರಿದು ಹಾಕಿದ ಕಟ್ಟಿನ ಸಾರು.

ಬೇವನ್ನೂ ನಮ್ಮ ರೀತಿಯಲ್ಲೇ ಮಾಡಿರಿ. ದಕ್ಷಿಣದವರು ಬೇವಿನ ಎಲೆ, ಬೆಲ್ಲ ಅಂಗೈಗೆ ಹಾಕಿ ಮುಗಿಸುತ್ತಾರೆ. ನಮ್ಮಲ್ಲಿ ಬೇವು ಕುಡಿಯುವುದು. ಹುಣಸೆ ನೀರು, ಬೆಲ್ಲ, ಮಾವಿನಕಾಯಿ ತುರಿ, ಪುಟಾಣಿ ಹಿಟ್ಟು, ದ್ರಾಕ್ಷಿ, ಗೋಡಂಬಿ, ಮೇಲೆ ಬೇವಿನ ಹೂವು. ಮಕ್ಕಳು ಎರಡನೇ ಲೋಟ ಕೇಳುತ್ತಾರೆ.

ಮಂಡ್ಯ ಬೆಲ್ಲ

ಕುಡಿಯುವ ಬೇವು ಬೇವೇ ಅಲ್ಲ, ಪಾನಕ! ಕಹಿ ಬಾಯಿಗೆ ತಾಗಬೇಕು. ಅದಕ್ಕೇ ಅಲ್ಲವಾ ತಿನ್ನುವುದು?

ಮಲಪ್ರಭೆ

ಕಹಿಯೂ ಇರುತ್ತದೆ, ಉಳಿದ ರುಚಿಗಳೂ ಇರುತ್ತವೆ. ವರ್ಷವೂ ಹಾಗೇ ಇರುತ್ತದೆ ಅಣ್ಣ.

ತೊಗರಿ ನಾಡು

ಬೇಳೆ ಜಗಳಕ್ಕೆ ನಂದೂ ಒಂದು ಮಾತು. ತೊಗರಿ ಬೆಳೆಯುವವರು ನಾವು. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಕೂಡ ಸಿಕ್ಕಿದೆ. ಆದರೂ ನಮ್ಮ ಓಣಿಯಲ್ಲಿ ಅರ್ಧ ಮನೆಗಳಲ್ಲಿ ಕಡಲೆಬೇಳೆ ಹೋಳಿಗೆ, ಅರ್ಧ ಮನೆಗಳಲ್ಲಿ ತೊಗರಿಬೇಳೆ. ನಮ್ಮ ಮನೆಯಲ್ಲಿ ಎರಡನ್ನೂ ಸಮ ಸಮ ಹಾಕುತ್ತಾರೆ. ಕಡಲೆಬೇಳೆಗೆ ಬೇಯಲು ಜಾಸ್ತಿ ಹೊತ್ತು ಬೇಕು, ಹಾಗಾಗಿ ಅದನ್ನು ಮೊದಲು ನೆನೆಸಿಟ್ಟು ಬೇರೆಯಾಗಿ ಬೇಯಿಸಬೇಕು. ಹೂರಣ ಗಟ್ಟಿಯಾಗಿ ನಿಲ್ಲುತ್ತದೆ, ಮೃದುವಾಗಿಯೂ ಇರುತ್ತದೆ. ಬೇವಿನ ಚಿಗುರು ಅವರು ಯೋಚನೆ ಮಾಡಬಹುದು.

ರುಬ್ಬುಗುಂಡು

ಬೇಡ. ಹೊಸದಾಗಿ ಕಲಿಯುವಾಗ ಎರಡು ಬೇಳೆ ಬೆರೆಸಿದರೆ ಹದ ಎಲ್ಲಿ ತಪ್ಪಿತು ಎಂದೇ ತಿಳಿಯುವುದಿಲ್ಲ.

ಎರಡನೇ ಪಂಕ್ತಿ

ಯಾವ ಬೇಳೆ ಎಂದು ಎಲ್ಲರೂ ಹೇಳಿದಿರಿ. ಅದನ್ನು ಮಾಡಿದವಳು ಎಷ್ಟು ಗಂಟೆಗೆ ಊಟ ಮಾಡುತ್ತಾಳೆ ಎಂದು ಯಾರೂ ಕೇಳಲಿಲ್ಲ.

ನಮ್ಮ ಮನೆಯಲ್ಲಿ ಗಂಡಸರು, ಮಕ್ಕಳು ಮೊದಲ ಪಂಕ್ತಿ. ಕಾವಲಿಯ ಮುಂದೆ ಅಮ್ಮ. ಬಿಸಿ ಬಿಸಿ ಬೇಕು ಎಂದು ಒಂದೊಂದಾಗಿ ಬೇಯಿಸಿ ಕಳಿಸುತ್ತಿದ್ದರು. ಅಮ್ಮ ಎಲೆ ಮುಂದೆ ಕೂರುವಾಗ ಮಧ್ಯಾಹ್ನ ಮೂರೂವರೆ. ಪಾಯಸ ತಳ ಕಂಡಿರುತ್ತಿತ್ತು. ಅಮ್ಮ ಬಿಸಿ ಒಬ್ಬಟ್ಟು ತಿಂದಿದ್ದನ್ನು ನಾನು ಒಂದು ಸಲವೂ ನೋಡಿಲ್ಲ. ಈಗ ನನ್ನ ಮನೆಯಲ್ಲಿ ಅಡುಗೆ ಮಾಡಿದವರು ಮೊದಲು ಕೂರಬೇಕು. ಬಡಿಸುವ ಕೆಲಸ ಉಳಿದವರದು. ಇದಕ್ಕೆ ನಮ್ಮ ಮನೆಯಲ್ಲಿ ಎರಡು ವರ್ಷ ಮಾತು ನಡೆಯಿತು. ನಾನು ಬಿಡಲಿಲ್ಲ.

ಹಳೇ ಕಾವಲಿ

ಎರಡನೇ ಪಂಕ್ತಿ ಅವರೇ, ನೀವು ಹೇಳಿದ್ದು ನಿಜ. ಆದರೆ ಎಲ್ಲ ಮನೆಯೂ ಹಾಗಲ್ಲ. ನಮ್ಮಲ್ಲಿ ಕಾಯಿ ತುರಿಯುವುದು, ಬೇಳೆ ಬಸಿಯುವುದು, ಒರಳಲ್ಲಿ ರುಬ್ಬುವುದು ಗಂಡಸರ ಕೆಲಸವಾಗಿತ್ತು. ಎರಡು ಸೇರು ಬೇಳೆಯ ಹೂರಣ ಒರಳಿನಲ್ಲಿ ತಿರುಗಿಸುವುದು ಸುಮ್ನೆ ಮಾತಲ್ಲ. ತೋಳು ಬಿದ್ದು ಹೋಗುತ್ತದೆ.

ಅದಕ್ಕೇ ಬೇವಿನ ಚಿಗುರು ಅವರಿಗೊಂದು ಮಾತು. ನೀವು ತಲುಪುವ ಹೊತ್ತಿಗೆ ಹೂರಣ ರೆಡಿ ಇರುತ್ತಿತ್ತು ಎಂದಿರಿ. ಅಂದರೆ ರಾತ್ರಿಯೋ ನಸುಕಿನಲ್ಲೋ ರುಬ್ಬಿರಬೇಕು. ಅಷ್ಟನ್ನು ನಿಮ್ಮ ಅತ್ತೆ ಒಬ್ಬರೇ ರುಬ್ಬಿದ್ದರು ಅಂತ ನನಗೆ ಅನ್ನಿಸುವುದಿಲ್ಲ. ಮಾವನನ್ನು ಕೇಳಿದ್ದೀರಾ?

ಬೇವಿನ ಚಿಗುರು

ಇಲ್ಲ. ಅವರು ಅತ್ತೆಯ ವಿಷಯ ಬಂದರೆ ಎದ್ದು ಹೊರಗೆ ಹೋಗುತ್ತಾರೆ. ನೆನಪು ಮಾಡಿ ನೋಯಿಸುವುದು ಬೇಡ ಎಂದು ನಾವ್ಯಾರೂ ಆ ಮಾತೇ ಎತ್ತುವುದಿಲ್ಲ. ಆ ಹಿತ್ತಾಳೆ ಪಾವನ್ನು ಊರಿನಿಂದ ಅವರೇ ತಂದಿದ್ದಾರೆ. ಅವರ ಕೋಣೆಯ ಕಿಟಕಿಯಲ್ಲಿದೆ, ಮಾತ್ರೆಗಳನ್ನು ಅದರಲ್ಲಿ ಇಟ್ಟುಕೊಳ್ಳುತ್ತಾರೆ. ಕೇಳಲು ನನಗೆ ಮನಸ್ಸು ಬರುತ್ತಿಲ್ಲ.

ಹಳೇ ಕಾವಲಿ

ಕೇಳಮ್ಮ. ನನ್ನ ಹೆಂಡತಿ ಹೋಗಿ ಆರು ವರ್ಷವಾಯಿತು. ಮಕ್ಕಳು ನನ್ನ ಮುಂದೆ ಅವಳ ಹೆಸರೆತ್ತಲು ಹೆದರುತ್ತಿದ್ದರು. ಅದರಿಂದ ನನಗೆ ಇನ್ನೂ ಜಾಸ್ತಿ ಕಷ್ಟವಾಯಿತು. ಯಾರಾದರೂ ಕೇಳಿದ್ದರೆ ಹೇಳುತ್ತಿದ್ದೆ.

ಮಲೆನಾಡ ಮಳೆ

ಮೇಲಿನ ಮಾತು ಓದಿ ಸುಮ್ಮನಾಗಿಬಿಟ್ಟೆ. ನಾನೂ ಇವತ್ತು ನಮ್ಮಪ್ಪನಿಗೆ ಫೋನ್ ಮಾಡುತ್ತೇನೆ.

ಕಡಲ ಮಗ

ನಮ್ಮ ತುಳುನಾಡಿನಲ್ಲಿ ಈ ಗಲಾಟೆ ಮಾರ್ಚ್‌ನಲ್ಲಿ ಇಲ್ಲ. ನಮ್ಮದು ಸೌರಮಾನ. ಹೊಸ ವರ್ಷ ಏಪ್ರಿಲ್ ಮಧ್ಯದಲ್ಲಿ ಬರುವ ಬಿಸು. ಹಿಂದಿನ ರಾತ್ರಿ ಕಣಿ ಇಡುತ್ತೇವೆ. ಬೆಳಿಗ್ಗೆ ಎದ್ದು ಮೊದಲು ನೋಡುವುದು ಅದನ್ನೇ. ಅಕ್ಕಿ, ತೆಂಗಿನಕಾಯಿ, ಹಣ್ಣು, ಸೌತೆಕಾಯಿ, ಕನ್ನಡಿ. ಆಮೇಲೆ ಹಿರಿಯರ ಕಾಲಿಗೆ ಬೀಳುವುದು. ಊಟಕ್ಕೆ ಪಾಯಸ ಇರಲೇಬೇಕು, ಒಬ್ಬಟ್ಟು ಇದ್ದರೂ ಸರಿ, ಇಲ್ಲದಿದ್ದರೂ ಸರಿ.

ಬೆಳಗಿನ ಬಸ್

ಒಂದು ಸಣ್ಣ ಸಂದೇಹ. ಎಲೆಯ ತುದಿ ಊಟಕ್ಕೆ ಕೂತವರ ಎಡಕ್ಕಾ ಬಲಕ್ಕಾ? ಹೋದ ವರ್ಷ ರೂಮಿನಲ್ಲಿ ನಾವು ನಾಲ್ವರು ಗೆಳೆಯರು ನಾಲ್ಕು ಥರ ಹಾಕಿಕೊಂಡಿದ್ದೆವು.

ರುಬ್ಬುಗುಂಡು

ಎಡಕ್ಕೆ ಮಗು. ಅಗಲದ ಕಡೆ ಬಲಗೈಗೆ ಬರಬೇಕು, ಅನ್ನ ಕಲಸಲು ಜಾಗ ಬೇಕಲ್ಲ. ಉಪ್ಪು, ಉಪ್ಪಿನಕಾಯಿ ಎಡ ತುದಿಗೆ.

ಮಂಡ್ಯ ಬೆಲ್ಲ

ಎಡೆಯ ವಿಷಯ ಯಾರೂ ಹೇಳಲಿಲ್ಲ. ನಮ್ಮ ಮನೆಯಲ್ಲಿ ಯುಗಾದಿಗೂ ಹಿರಿಯರಿಗೆ ಒಂದು ಎಲೆ ಹಾಕುತ್ತೇವೆ. ಮೊದಲ ಒಬ್ಬಟ್ಟು ಅದಕ್ಕೇ. ನಿಮ್ಮ ಅತ್ತೆಗೂ ಹಾಕಬೇಕು.

ಮಲೆನಾಡ ಮಳೆ

ನಮ್ಮಲ್ಲಿ ಎಡೆ ಪಕ್ಷಕ್ಕೆ ಮಾತ್ರ. ಮಹಾಲಯ ಅಮಾವಾಸ್ಯೆ ಬಿಟ್ಟು ಬೇರೆ ಹಬ್ಬಕ್ಕೆ ಹಾಕಿದರೆ ಅಜ್ಜಿ ಬೈಯುತ್ತಿದ್ದರು. ಮನೆಯಿಂದ ಮನೆಗೆ ಬೇರೆ. ಮಾವ ಹೇಳಿದಂತೆ ಮಾಡಿ.

ಶಾವಿಗೆ

ನಾನು ದಾವಣಗೆರೆಯವಳು. ಈ ಸಲ ನಮ್ಮ ಬೀದಿಯಲ್ಲಿ ಒಂದು ಚೆಂದ ನಡೆಯುತ್ತದೆ. ಮಾರ್ಚ್ 30ಕ್ಕೆ ಯುಗಾದಿ. ಆ ದಿನ ಸಂಜೆ ಚಂದ್ರ ಕಂಡರೆ 31ಕ್ಕೆ ನಮ್ಮ ರಂಜಾನ್ ಹಬ್ಬ, ಇಲ್ಲದಿದ್ದರೆ ಏಪ್ರಿಲ್ 1. ಯುಗಾದಿ ದಿನ ನಮಗೆ ಉಪವಾಸ ಇರುತ್ತದೆ. ಎದುರು ಮನೆಯ ಆಂಟಿ ಹೋದ ವಾರವೇ ಹೇಳಿದ್ದಾರೆ, 'ಒಬ್ಬಟ್ಟು ಮಧ್ಯಾಹ್ನ ಕಳಿಸಲ್ಲ, ಸಂಜೆ ಆರಕ್ಕೆ ಬಿಸಿ ಮಾಡಿ ಕಳಿಸ್ತೀನಿ, ಖರ್ಜೂರ ತಿಂದ ಮೇಲೆ ಅದನ್ನೇ ತಿನ್ನಿ' ಅಂತ. ಮಾರನೇ ದಿನ ನಮ್ಮ ಶೀರ್ ಕುರ್ಮಾ ಅವರ ಮನೆಗೆ ಹೋಗುತ್ತದೆ. ಅದೇ ತಟ್ಟೆಯಲ್ಲಿ. ಖಾಲಿ ತಟ್ಟೆ ವಾಪಸ್ ಕೊಡುವ ಪದ್ಧತಿ ನಮ್ಮಲ್ಲೂ ಇಲ್ಲ, ಅವರಲ್ಲೂ ಇಲ್ಲ.

ಹೋದ ವರ್ಷವೂ ಯುಗಾದಿ ಏಪ್ರಿಲ್ 9, ರಂಜಾನ್ 11. ಈ ಎರಡು ವರ್ಷ ಅಡುಗೆಮನೆಗೆ ಬಿಡುವೇ ಇಲ್ಲ.

ಕಡಲ ಮಗ

ಹೀಗೆ ಅಕ್ಕಪಕ್ಕ ಬರುವುದು ಅಪರೂಪ. ನಿಮ್ಮ ಚಾಂದ್ರ ವರ್ಷ 354 ದಿನ, ಹಬ್ಬ ಪ್ರತಿ ವರ್ಷ 11 ದಿನದಷ್ಟು ಹಿಂದೆ ಸರಿಯುತ್ತದೆ. ಯುಗಾದಿಯೂ ಚಂದ್ರನ ಲೆಕ್ಕವೇ, ಆದರೆ ನಡುವೆ ಅಧಿಕ ಮಾಸ ಸೇರಿಸುವುದರಿಂದ ಮಾರ್ಚ್ ಏಪ್ರಿಲ್ ಬಿಟ್ಟು ಹೋಗುವುದಿಲ್ಲ. ಮುಂದಿನ ವರ್ಷ ಮತ್ತೆ ಹತ್ತಿರ ಬರುತ್ತವೆ, ಆಮೇಲೆ ದೂರವಾಗುತ್ತವೆ. ಇನ್ನೊಮ್ಮೆ ಸೇರಲು ಮೂವತ್ತು ವರ್ಷದ ಮೇಲೆ ಬೇಕು.

ಶಾವಿಗೆ

ಹಾಗಾದರೆ ಈ ಸಲ ಫೋಟೋ ತೆಗೆದಿಡುತ್ತೇನೆ.

ಮಂಡ್ಯ ಬೆಲ್ಲ

31ಕ್ಕೆ ನಮ್ಮ ಹೊಸತೊಡಕೂ ಇದೆ! ಆದರೆ ಸೋಮವಾರ. ನಮ್ಮ ಮನೆಯಲ್ಲಿ ಸೋಮವಾರ ಬಾಡು ಮಾಡುವುದಿಲ್ಲ. ಮಂಗಳವಾರಕ್ಕೆ ಮುಂದೆ ಹಾಕಿದ್ದಾರೆ. ಚಿಕ್ಕಪ್ಪನಿಗೆ ಒಪ್ಪಿಗೆಯಿಲ್ಲ. 'ಹೊಸತೊಡಕು ಅಂದ್ರೆ ಯುಗಾದಿ ಮಾರನೇ ದಿನವೇ, ವಾರ ನೋಡೋ ಹಾಗಿಲ್ಲ' ಎನ್ನುತ್ತಾರೆ. ಊರಿನಲ್ಲಿ ಗುಡ್ಡೆ ಬಾಡಿಗೆ ಹತ್ತು ಮನೆ ಸೇರಿ ದುಡ್ಡು ಹಾಕಿದ್ದೇವೆ. ಅರ್ಧ ಮನೆ ಸೋಮವಾರ, ಅರ್ಧ ಮನೆ ಮಂಗಳವಾರ ಎಂದರೆ ಪಾಲು ಹಾಕುವುದು ಹೇಗೆ?

ಹಳೇ ಕಾವಲಿ

ನಿಮ್ಮ ಚಿಕ್ಕಪ್ಪ ಹೇಳುವುದರಲ್ಲಿ ಅರ್ಥವಿದೆ. ಆ ದಿನ ಏನು ಮಾಡುತ್ತೀವೋ ವರ್ಷವೆಲ್ಲ ಅದೇ ನಡೆಯುತ್ತದೆ ಎಂಬ ನಂಬಿಕೆ. ಅದಕ್ಕೇ ಆ ದಿನ ಸಾಲ ಕೊಡುವುದಿಲ್ಲ, ಮಕ್ಕಳಿಗೆ ಬೈಯುವುದಿಲ್ಲ. ಆದರೆ ಬಾಡಿಗಾಗಿ ಅಣ್ಣತಮ್ಮಂದಿರು ಜಗಳವಾಡಿದರೆ ಆ ಜಗಳವೂ ವರ್ಷವೆಲ್ಲ ನಡೆಯುತ್ತದೆ. ಮಂಗಳವಾರಕ್ಕೇ ಒಪ್ಪಿಕೊಳ್ಳಿ.

ಬೇವಿನ ಚಿಗುರು

ಹೊಸತೊಡಕು ಎಂದಾಗ ನೆನಪಾಯಿತು. ನಾನು ಮಾಂಸ ತಿನ್ನುವುದಿಲ್ಲ. ಅತ್ತೆ ಅವತ್ತು ನನಗೆ ಬೇರೆ ಒಲೆಯಲ್ಲಿ, ಬೇರೆ ಪಾತ್ರೆಯಲ್ಲಿ ಮೊದಲು ಅಡುಗೆ ಮಾಡಿ ಎತ್ತಿಡುತ್ತಿದ್ದರು. ಹಿಂದಿನ ದಿನದ ಒಬ್ಬಟ್ಟಿನ ಸಾರು, ಬಿಸಿ ಅನ್ನ. 'ಸಾರು ಎರಡನೇ ದಿನಕ್ಕೇ ರುಚಿ, ನೀನೇ ಅದೃಷ್ಟವಂತೆ' ಎನ್ನುತ್ತಿದ್ದರು. ಮದುವೆಯಾದ ಮೊದಲ ವರ್ಷದಿಂದ ಕೊನೆಯ ವರ್ಷದವರೆಗೂ ಒಂದು ಸಲವೂ ತಪ್ಪಿಸಲಿಲ್ಲ.

ಮಲಪ್ರಭೆ

ಇಷ್ಟು ಓದಿದ ಮೇಲೆ ನನ್ನ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಅತ್ತೆಯ ಒಬ್ಬಟ್ಟನ್ನೇ ಮಾಡಿ ಅಕ್ಕ. ನಮ್ಮ ಹೋಳಿಗೆ ಬೇರೆ ಯಾವಾಗಲಾದರೂ ಮಾಡಬಹುದು.

ಮೊಂತಿ ಹೂವು

ನಾವು ಮಂಗಳೂರಿನ ಕೊಂಕಣಿ ಕ್ರೈಸ್ತರು. ನಮ್ಮಲ್ಲೂ ಹೀಗೇ ಒಂದು ಊಟ ಇದೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಚರ್ಚಿನಿಂದ ಹೊಸ ಭತ್ತದ ತೆನೆ ತರುತ್ತೇವೆ. ಅದರ ಕಾಳು ಬಿಡಿಸಿ ಪುಡಿ ಮಾಡಿ ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ, ಮನೆಯ ಹಿರಿಯರು ಎಲ್ಲರಿಗೂ ಕೊಡುತ್ತಾರೆ. ಆ ದಿನ ಪೂರ್ತಿ ಸಸ್ಯಾಹಾರ, ಬಾಳೆಲೆಯ ಮೇಲೆ, ಪಲ್ಯಗಳ ಲೆಕ್ಕ ಬೆಸ ಸಂಖ್ಯೆಯಲ್ಲಿರಬೇಕು. ಐದು, ಏಳು, ಒಂಬತ್ತು.

ಅಮ್ಮ ಹೋದ ವರ್ಷ ನನಗೆ ಐದೇ ಮಾಡಲು ಆಯಿತು. ಅಮ್ಮ ಯಾವಾಗಲೂ ಒಂಬತ್ತು ಮಾಡುತ್ತಿದ್ದರು. ಅಪ್ಪ ಎಲೆ ನೋಡಿ ಏನೂ ಹೇಳದೆ ಎರಡು ಸಲ ಬಡಿಸಿಕೊಂಡು ತಿಂದರು. ಎಷ್ಟು ಎನ್ನುವುದನ್ನು ನಾನೊಬ್ಬಳೇ ಎಣಿಸುತ್ತಿದ್ದೆ.

ಎರಡನೇ ಪಂಕ್ತಿ

ಬೇವಿನ ಚಿಗುರು, ಒಂದೇ ಮಾತು. ಏನಾದರೂ ಮಾಡಿ, ಆದರೆ ಅವತ್ತು ಎಲ್ಲರ ಜೊತೆ ಕೂತು ಊಟ ಮಾಡಿ. ಒಬ್ಬಟ್ಟು ಮೊದಲೇ ಬೇಯಿಸಿಟ್ಟರೆ ಏನೂ ಆಗುವುದಿಲ್ಲ. ಒಂದರ ಮೇಲೊಂದು ಇಟ್ಟು ಬಟ್ಟೆ ಮುಚ್ಚಿದರೆ ಮೆತ್ತಗೇ ಇರುತ್ತದೆ.

ಮಂಡ್ಯ ಬೆಲ್ಲ

ಬಿಸಿ ಒಬ್ಬಟ್ಟಿನ ಮೇಲೆ ತುಪ್ಪ ಕರಗಬೇಕು. ಮುಚ್ಚಿಟ್ಟಿದ್ದಕ್ಕೆ ಆ ರುಚಿ ಎಲ್ಲಿ?

ಎರಡನೇ ಪಂಕ್ತಿ

ಬಿಸಿ ಬೇಕಾದವರು ಎದ್ದು ಹೋಗಿ ಕಾವಲಿ ಮೇಲೆ ಬಿಸಿ ಮಾಡಿಕೊಳ್ಳಲಿ. ಒಂದು ನಿಮಿಷದ ಕೆಲಸ.

ಮಂಡ್ಯ ಬೆಲ್ಲ

ಸರಿ. ಈ ಸಲ ನಮ್ಮ ಮನೆಯಲ್ಲಿ ಕಾವಲಿ ಮುಂದೆ ನಾನೇ ನಿಲ್ಲುತ್ತೇನೆ. ಅಮ್ಮ ಮೊದಲ ಪಂಕ್ತಿಗೆ ಕೂರಲಿ.

ರಾತ್ರಿ ಪಾಳಿ

ಈಗ ಸರಿಯಾಗಿ ಹೇಳಿದಿರಿ ಅಣ್ಣ. ಆದ ಮೇಲೆ ಇಲ್ಲಿ ಬಂದು ಬರೆಯಬೇಕು, ಮರೆಯಬೇಡಿ.

ಬೆಳಗಿನ ಬಸ್

ಹೂರಣ ತೆಳುವಾದರೆ ಏನು ಮಾಡುವುದು? ಹೋದ ವರ್ಷ ನಮ್ಮದು ದೋಸೆ ಹಿಟ್ಟಿನಂತೆ ಆಗಿತ್ತು.

ರುಬ್ಬುಗುಂಡು

ದಪ್ಪ ತಳದ ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ಕೈ ಬಿಡದೆ ಮಗುಚು. ಸೌಟು ನೆಟ್ಟರೆ ನಿಲ್ಲಬೇಕು. ಅವಸರವಿದ್ದರೆ ಹುರಿಗಡಲೆ ಪುಡಿ ಎರಡು ಚಮಚ ಸೇರಿಸು. ಮುಂದಿನ ಸಲ ಬೇಳೆ ಬಸಿದ ಮೇಲೆ ಹತ್ತು ನಿಮಿಷ ಜರಡಿಯಲ್ಲೇ ಬಿಡು, ಈ ತೊಂದರೆಯೇ ಬರುವುದಿಲ್ಲ.

ಬೇವಿನ ಚಿಗುರು (ಏಪ್ರಿಲ್ 2, 2025)

ಹಬ್ಬ ಆಯಿತು. ಬರೆಯುತ್ತೇನೆ ಎಂದುಕೊಂಡು ಎರಡು ದಿನ ತಡವಾಯಿತು.

ಶನಿವಾರ ಸಂಜೆ ಮಾವನ ಕೋಣೆಗೆ ಹೋದೆ. ಏನೇನೋ ಹೇಳಬೇಕೆಂದು ಯೋಚಿಸಿಕೊಂಡಿದ್ದೆ, ಯಾವುದೂ ಬಾಯಿಗೆ ಬರಲಿಲ್ಲ. 'ಮಾವ, ಒಬ್ಬಟ್ಟಿಗೆ ಎಷ್ಟು ಪಾವು ಬೇಳೆ ಹಾಕ್ತಿದ್ರು?' ಎಂದಷ್ಟೇ ಕೇಳಿದೆ. ಅವರು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು. ಆಮೇಲೆ ಪಾವಿನಲ್ಲಿದ್ದ ಮಾತ್ರೆಗಳನ್ನು ಮೇಜಿನ ಮೇಲೆ ಸುರಿದರು. ಅಡುಗೆಮನೆಗೆ ಹೋಗಿ ಪಾವು ತೊಳೆದು, ಒರೆಸಿ ನನ್ನ ಕೈಗೆ ಕೊಟ್ಟರು. 'ಎಲ್ಲರೂ ಬಂದ್ರೆ ನಾಲ್ಕು. ನಾವಷ್ಟೇ ಅಂದ್ರೆ ಎರಡು. ಬಸಿಯೋದು ರುಬ್ಬೋದು ಎಲ್ಲ ನಾನೇ ಕಣಮ್ಮ ಮಾಡ್ತಿದ್ದುದು. ಅವಳಿಗೆ ತೋಳು ನೋವು. ಯಾರಿಗೂ ಹೇಳಬೇಡಿ ಅಂದಿದ್ಲು' ಎಂದರು.

ಹಳೇ ಕಾವಲಿ ಅವರೇ, ನೀವು ಹೇಳಿದ್ದೇ ಸರಿಯಾಯಿತು.

ರಾತ್ರಿ ಒಂಬತ್ತಕ್ಕೆ ಬೇಳೆ ಇಟ್ಟೆವು. ಮಾವ ಸ್ಟೂಲ್ ಹಾಕಿಕೊಂಡು ಒಲೆ ಪಕ್ಕ ಕೂತರು. ಬೇಳೆ ಹಿಸುಕಿ ನೋಡಲು ನನಗೆ ಬಿಡಲೇ ಇಲ್ಲ, ಕುದಿಯುವ ಸದ್ದು ಕೇಳಿಯೇ 'ಇಳಿಸು' ಎಂದರು. ಇಲ್ಲಿ ಒರಳಿಲ್ಲ, ಮಿಕ್ಸಿ. ಅದು ಅವರಿಗೆ ಇಷ್ಟವಾಗಲಿಲ್ಲ. ಸ್ವಲ್ಪ ಸ್ವಲ್ಪವೇ ಹಾಕಿಸಿ, 'ನಿಲ್ಲಿಸು, ಮುಟ್ಟಿ ನೋಡ್ತೀನಿ, ಇನ್ನೊಂದು ಸುತ್ತು' ಎಂದು ಹನ್ನೊಂದು ಗಂಟೆಯವರೆಗೆ ರುಬ್ಬಿಸಿದರು. ಒಬ್ಬಟ್ಟಿನ ಮಧ್ಯೆ ಅತ್ತೆಯ ಮಾತು ಎಷ್ಟು ಬಂತೋ ಲೆಕ್ಕವಿಲ್ಲ. ಮನೆಯವರು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಅತ್ತೆಯ ಮೊದಲ ಯುಗಾದಿಯಲ್ಲಿ ಹೂರಣ ಹಳಸಿ, ಇಡೀ ಮನೆ ಬರೀ ಬೆಲ್ಲದನ್ನ ತಿಂದಿತ್ತಂತೆ. ಅದು ಮಗನಿಗೂ ಗೊತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ರುಬ್ಬುಗುಂಡು ಅಮ್ಮ ಹೇಳಿದ ಹಾಗೆ ಮೊದಲು ಕಣಕ ಕಲಸಿದೆ. ಆದರೂ ಮೊದಲ ಐದು ಒಬ್ಬಟ್ಟು ಹರಿದವು. ಒಂದು ಕಾವಲಿಗೆ ಅಂಟಿ ಸುಟ್ಟೇ ಹೋಯಿತು. ಆರನೆಯದು ಸರಿಯಾಗಿ ಬಂತು. ಅದನ್ನು ಮಾವ ಎಡೆಗೆ ಇಟ್ಟರು. ಎಡೆ ಬೇಕೋ ಬೇಡವೋ ಎಂದು ನಾನು ಕೇಳಿರಲಿಲ್ಲ, ಅವರೇ ಎಲೆ ತೊಳೆದು ಹಾಕಿದ್ದರು.

ಎಲ್ಲರೂ ಒಟ್ಟಿಗೆ ಕೂತೆವು. ನಾನೂ ಕೂತೆ. ನಾದಿನಿ ಬಡಿಸಿದಳು. ಅವಳು ಒಂದು ತುಂಡು ಬಾಯಿಗೆ ಹಾಕಿಕೊಂಡು 'ಅಮ್ಮನ ಹಾಗೇ ಇಲ್ಲ ಅತ್ತಿಗೆ' ಎಂದಳು. ನಿಜ, ಇರಲಿಲ್ಲ. ದಪ್ಪವಾಗಿತ್ತು, ಅಂಚು ಸ್ವಲ್ಪ ಗಟ್ಟಿ. ಆಮೇಲೆ ಅನ್ನಕ್ಕೆ ಸಾರು ಕಲಸಿಕೊಂಡಳು. ಒಂದು ತುತ್ತು ತಿಂದು ಸುಮ್ಮನಾದಳು. ಮಾವ 'ಸಾರು ಅವಳದೇ' ಎಂದರು.

ಮಾರನೇ ದಿನವೂ ಒಂದು ಪಾತ್ರೆ ಸಾರು ಉಳಿದಿತ್ತು. ಬೆಳಿಗ್ಗೆ ನಾನು ಏಳುವ ಮೊದಲೇ ಯಾರೋ ಅದನ್ನು ಬಿಸಿ ಮಾಡಿ, ಮುಚ್ಚಿ, ಬೇರೆ ಎತ್ತಿಟ್ಟಿದ್ದರು.

ಹಳೇ ಕಾವಲಿ

ಒಳ್ಳೆಯದಾಯಿತಮ್ಮ. ಮಾವನಿಗೆ ನನ್ನ ನಮಸ್ಕಾರ ಹೇಳಿ.

ಶಾವಿಗೆ

ಓದಿ ಕಣ್ಣು ತುಂಬಿತು. ನಮಗೆ 30ರ ಸಂಜೆ ಚಂದ್ರ ಕಂಡ. ಒಬ್ಬಟ್ಟು ಕೈಯಲ್ಲಿ ಹಿಡಿದುಕೊಂಡೇ ಮಹಡಿ ಮೇಲೆ ನಿಂತು ನೋಡಿದೆವು. ಎದುರು ಮನೆ ಆಂಟಿಯೂ ಇದ್ದರು.

ಮಂಡ್ಯ ಬೆಲ್ಲ

ನಾನೂ ಮಾತು ಉಳಿಸಿಕೊಂಡೆ. ಕಾವಲಿ ಮುಂದೆ ಒಂದೂವರೆ ಗಂಟೆ ನಿಂತೆ. ಅಮ್ಮ ಮೊದಲ ಪಂಕ್ತಿಯಲ್ಲಿ ಕೂತು ಮೂರು ಬಿಸಿ ಒಬ್ಬಟ್ಟು ತಿಂದರು. ಬಾಡು ಮಂಗಳವಾರ ಆಯಿತು, ಚಿಕ್ಕಪ್ಪನೂ ಬಂದರು.

ಮಲಪ್ರಭೆ

ಅಕ್ಕ, ಆ ಸಾರಿಗೆ ಹೂರಣ ಎಷ್ಟು ಹಾಕಿದಿರಿ? ನಾನು ಈ ಭಾನುವಾರ ತೊಗರಿಬೇಳೆಯದು ಮಾಡಿ ನೋಡುತ್ತೇನೆ.

ಬೇವಿನ ಚಿಗುರು

ಎರಡು ಪಾವು ಬೇಳೆಯ ಕಟ್ಟಿಗೆ ನಿಂಬೆಹಣ್ಣಿನ ಗಾತ್ರದ ಎರಡು ಉಂಡೆ. ಹುಣಸೆ ಸ್ವಲ್ಪ ಜಾಸ್ತಿ ಬೇಕು. ಈರುಳ್ಳಿ ಸುಟ್ಟು ಹಾಕಬೇಕಂತೆ, ಹುರಿದಲ್ಲ. ಮಾವ ಎರಡು ಸಲ ಹೇಳಿದ್ದಾರೆ.